ಪೆರಾಕ್ಸೈಡ್ ಮಾಡಲು ಯಾವ ಪುಡಿ ಕೊಳ್ಳಬೇಕು? ಪ್ಲಾಟಿನಂ, ಪಲ್ಲಾಡಿಯಂ, ಕೋಬಾಲ್ಟ್ ಮತ್ತು ಬರೀ ಕಾರ್ಬನ್ ಜೊತೆ ನಮ್ಮ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಕರೆಂಟ್‌ನಿಂದ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸಬೇಕು ಅಂತ ಹೊರಟಿದ್ದರೆ, ಅದಕ್ಕೊಂದು ಕ್ಯಾಟಲಿಸ್ಟ್ ಪುಡಿ ಬೇಕು, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ನಡೆಸಿಕೊಡುವ ಪುಡಿ. ಸಾಮಾನ್ಯವಾಗಿ ಅದು ಕಾರ್ಬನ್ ಮೇಲೆ ಲೋಹ ಕೂರಿಸಿದ್ದು. ಕ್ಯಾಟಲಾಗ್ ತೆರೆದ ಕೂಡಲೇ ಲೋಹ ಎಷ್ಟು ಪರ್ಸೆಂಟ್ ಇದೆ ಅಂತ ನೋಡಬೇಡಿ. ಲೋಹದ ಕೆಳಗಿರುವ ಕಾರ್ಬನ್ ಯಾವುದು ಅಂತ ನೋಡಿ. ನಮಗೆ ಇದು ಗೊತ್ತಾಗಲು ಒಂದೂವರೆ ವರ್ಷ ಹಿಡಿಯಿತು. ದುಡ್ಡೂ ಸಾಕಷ್ಟು ಹೋಯಿತು. ಬೇರೆಯವರಿಗೆ ಹಾಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರೋಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಪ್ರತಿ ವರ್ಷ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ನಾಲ್ಕೈದು ಮಕ್ಕಳು ಬರುತ್ತಾರೆ. ಈ ಕೆಲಸ ತಲೆಗೆ ಹೊಕ್ಕಿದ್ದು 2020ರಲ್ಲಿ. ಆಗ ಡಬ್ಲ್ಯುಎಚ್‌ಒ ಸೂತ್ರದ ಪ್ರಕಾರ ಸ್ಯಾನಿಟೈಸರ್ ಮಾಡಿ ಹಂಚುತ್ತಿದ್ದೆವು. ಅದರಲ್ಲಿ 80% ಎಥನಾಲ್, 1.45% ಗ್ಲಿಸರಿನ್, ಬರೀ 0.125% ಪೆರಾಕ್ಸೈಡ್. ಆ ಪೆರಾಕ್ಸೈಡ್ ಕೈಗೆ ಅಂತ ಹಾಕುವುದಲ್ಲ, ದ್ರಾವಣದೊಳಗೇ ಸೇರಿಕೊಂಡಿರಬಹುದಾದ ಸ್ಪೋರ್‌ಗಳನ್ನು (ಬ್ಯಾಕ್ಟೀರಿಯಾದ ಗಟ್ಟಿ ಬೀಜರೂಪ) ಸಾಯಿಸಲು. ಅಷ್ಟು ಚೂರಿಗೆ ಕ್ಯಾನ್ ಸಿಗದೆ ಎರಡು ದಿನ ಓಡಾಡಿದೆವು. ಗಾಳಿ ಇದೆ, ನೀರು ಇದೆ, ಕರೆಂಟ್ ಇದೆ, ಬೇಕಾದಷ್ಟನ್ನು ಇಲ್ಲೇ ಮಾಡಿಕೊಳ್ಳಲು ಆಗಲ್ವಾ ಅಂತ ಒಬ್ಬ ಹುಡುಗಿ ಕೇಳಿದಳು. ಆಗುತ್ತದೆ. ಆದರೆ ಪುಡಿ ಸರಿ ಇರಬೇಕು.

ಈಗ ಜಗತ್ತಿನ ಬಹುಪಾಲು ಪೆರಾಕ್ಸೈಡ್ ಬರುವುದು ಆಂತ್ರಾಕ್ವಿನೋನ್ ಅನ್ನುವ ಸಾವಯವ ವಸ್ತು ಬಳಸುವ ವಿಧಾನದಿಂದ. 1930ರ ದಶಕದಲ್ಲಿ ಜರ್ಮನಿಯಲ್ಲಿ ರೀಡ್ಲ್ ಮತ್ತು ಫ್ಲೈಡರರ್ ಕಟ್ಟಿದ ದಾರಿ ಅದು. ಹೈಡ್ರೋಜನ್ ಗ್ಯಾಸ್ ಬೇಕು, ಸಾವಯವ ದ್ರಾವಕ ಬೇಕು, ಪಲ್ಲಾಡಿಯಂ ಬೇಕು, ದೊಡ್ಡ ಕಾರ್ಖಾನೆ ಬೇಕು. ಅಲ್ಲಿ ಗಟ್ಟಿಯಾಗಿ ಮಾಡಿ, ಲಾರಿಯಲ್ಲಿ ಜೋಪಾನವಾಗಿ ತಂದು, ನಾವು ಮತ್ತೆ ನೀರು ಬೆರೆಸಿ 3% ಮಾಡಿಕೊಳ್ಳುತ್ತೇವೆ. ಕ್ಯಾನ್ ಮುಚ್ಚಳದಲ್ಲಿ ಗಾಳಿ ಹೋಗಲು ಸಣ್ಣ ದಾರಿ ಇರುತ್ತದೆ, ಗಮನಿಸಿದ್ದೀರಾ? ಒಳಗೆ ನಿಧಾನವಾಗಿ ಒಡೆದು ಆಕ್ಸಿಜನ್ ಬರುತ್ತಲೇ ಇರುತ್ತದೆ, ಅದಕ್ಕೆ.

ಕರೆಂಟ್ ದಾರಿ ಬೇರೆ. ಆಕ್ಸಿಜನ್‌ಗೆ 2 ಎಲೆಕ್ಟ್ರಾನ್ ಕೊಟ್ಟರೆ ಪೆರಾಕ್ಸೈಡ್, 4 ಕೊಟ್ಟರೆ ನೀರು. ಎರಡೂ ಒಂದೇ ಕಡೆ, ಒಂದೇ ಹೊತ್ತಿನಲ್ಲಿ ಆಗಬಹುದು. ಯಾವುದು ಜಾಸ್ತಿ ಆಗಬೇಕು ಅಂತ ತೀರ್ಮಾನ ಮಾಡುವುದು ಕ್ಯಾಟಲಿಸ್ಟ್. ಕಬ್ಬಿನ ಜಲ್ಲೆಯನ್ನು ಎರಡೂ ತುದಿ ಹಿಡಿದು ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ, ಒಂದೇ ತುದಿ ಹಿಡಿದರೆ ಹಾಗೇ ಇರುತ್ತದೆ. ಆಕ್ಸಿಜನ್ ಕೂಡ ಹಾಗೆ. ಅಕ್ಕಪಕ್ಕದ ಎರಡು ಲೋಹದ ಪರಮಾಣುಗಳ ಮೇಲೆ ಅಡ್ಡ ಮಲಗಿದರೆ ಅದರ ಬಂಧ ಮುರಿದು ನೀರಾಗುತ್ತದೆ. ಒಂಟಿ ಪರಮಾಣುವಿನ ಮೇಲೆ ಒಂದು ತುದಿಯಿಂದ ನಿಂತರೆ ಬಂಧ ಉಳಿದು ಪೆರಾಕ್ಸೈಡ್ ಆಗುತ್ತದೆ. ಮುಂದೆ ಹೇಳುವ ಎಲ್ಲ ಪುಡಿಗಳ ಗುಣ, ದೋಷ ಹೆಚ್ಚುಕಡಿಮೆ ಇದೊಂದರಿಂದಲೇ ಬರುತ್ತದೆ.

ನಾವು ಮೊದಲು ಕೊಂಡದ್ದು ಕಾರ್ಬನ್ ಮೇಲೆ 20% ಪ್ಲಾಟಿನಂ ಇರುವ ಪುಡಿ. ತಪ್ಪು ಆಯ್ಕೆ. ಮಾರುವವರು ಫೋನಿನಲ್ಲಿ "ಆಕ್ಸಿಜನ್ ರಿಡಕ್ಷನ್‌ಗೆ ಇದಕ್ಕಿಂತ ಒಳ್ಳೆಯದು ಇಲ್ಲ ಸರ್" ಅಂದರು. ಆಕ್ಸಿಜನ್ ರಿಡಕ್ಷನ್ ಅಂದರೆ ಆಕ್ಸಿಜನ್‌ಗೆ ಎಲೆಕ್ಟ್ರಾನ್ ಕೊಡುವುದು. ಆ ಮಾತು ಸುಳ್ಳಲ್ಲ. ಹೈಡ್ರೋಜನ್, ಆಕ್ಸಿಜನ್ ಸೇರಿಸಿ ಕರೆಂಟ್ ತೆಗೆಯುವ ಫ್ಯುಯೆಲ್ ಸೆಲ್‌ಗೆ ಇದೇ ಒಳ್ಳೆಯದು, ಯಾಕೆಂದರೆ ಅಲ್ಲಿ ಬೇಕಾಗಿರುವುದು ನೀರು. ಪ್ಲಾಟಿನಂ ಕಣದ ತುಂಬ ಪರಮಾಣುಗಳು ಒತ್ತೊತ್ತಾಗಿ ಕೂತಿರುತ್ತವೆ, ಬಂದ ಆಕ್ಸಿಜನ್‌ನ ಎರಡೂ ತುದಿ ಹಿಡಿದು ಮುರಿದುಬಿಡುತ್ತವೆ. ಒಂದು ತಿಂಗಳು ಅಳೆದೆವು. ಪೆರಾಕ್ಸೈಡ್ ಹೆಸರಿಗೆ ಮಾತ್ರ ಬಂತು. ವೋಲ್ಟೇಜ್ ತುಂಬ ಕೆಳಗೆ ಇಳಿಸಿದಾಗ ಸ್ವಲ್ಪ ಏರಿತು, ಅಷ್ಟೇ. ಗ್ರಾಂಗೆ ಸಾವಿರಗಳ ಲೆಕ್ಕದಲ್ಲಿ ಕೊಟ್ಟು ತಂದ ಪುಡಿ ನಮಗೆ ಶುದ್ಧವಾಗಿ ನೀರು ಮಾಡಿಕೊಟ್ಟಿತು. ಪುಡಿಯ ಗುಣಮಟ್ಟದ ಬಗ್ಗೆ ದೂರಿಲ್ಲ. ಈ ಕೆಲಸಕ್ಕೆ ಅದು ಅಲ್ಲ.

ಎರಡನೆಯದು 10% ಪಲ್ಲಾಡಿಯಂ. ಆರ್ಗ್ಯಾನಿಕ್ ಲ್ಯಾಬ್‌ಗಳಲ್ಲಿ ಹೈಡ್ರೋಜನೇಶನ್‌ಗೆ (ಅಣುಗಳಿಗೆ ಹೈಡ್ರೋಜನ್ ಸೇರಿಸಲು) ಇಟ್ಟುಕೊಂಡಿರುತ್ತಾರಲ್ಲ, ಅದೇ. ಪಕ್ಕದ ವಿಭಾಗದಿಂದ ಸ್ವಲ್ಪ ತಂದೆವು. ಪೆರಾಕ್ಸೈಡ್ ಲೆಕ್ಕದಲ್ಲಿ ಇದೂ ನಿರಾಸೆಯೇ. ಆದರೆ ಇದರ ಬಗ್ಗೆ ಒಂದು ವಿಷಯವನ್ನು ದಯವಿಟ್ಟು ಗಮನವಿಟ್ಟು ಓದಿ. ಒಣ ಪುಡಿಯ ಮೇಲೆ ನೇರವಾಗಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಬೇಡಿ. ನಮ್ಮಲ್ಲಿ ಒಬ್ಬ ಹುಡುಗ ಹಾಗೆ ಮಾಡಿದ. ಸೀಸೆಯೊಳಗೆ ಕೆಂಡದ ಚುಕ್ಕೆ ಕಂಡಿತು, ಕ್ಷಣದಲ್ಲಿ ನೀಲಿ ಜ್ವಾಲೆ ಎದ್ದಿತು. ಸೀಸೆ ಚಿಕ್ಕದಾಗಿದ್ದರಿಂದ ಮೇಲೆ ಗಾಜಿನ ತಟ್ಟೆ ಮುಚ್ಚಿ ಆರಿಸಿದೆವು, ಯಾರಿಗೂ ಏನೂ ಆಗಲಿಲ್ಲ. ಆಮೇಲೆ ನಾನೇ ಬಾಗಿಲಿಗೆ ಚೀಟಿ ಅಂಟಿಸಿದೆ: ಮೊದಲು ನೀರು, ಪುಡಿ ಪೂರ್ತಿ ನೆನೆದ ಮೇಲೆ ಆಲ್ಕೋಹಾಲ್. ಪ್ಲಾಟಿನಂ ಪುಡಿಗೂ ಇದೇ ನಿಯಮ. ಡಬ್ಬಿಯ ಮೇಲೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿರಬೇಕಿತ್ತು. ನಮಗೆ ಬಂದ ಡಬ್ಬಿಯ ಮೇಲೆ ಇರಲಿಲ್ಲ.

ಈ ಎರಡು ಪುಡಿಗಳಿಂದ ಒಂದು ಸುಲಭವಾದ ಪರೀಕ್ಷೆ ಮಾತ್ರ ಕಲಿತೆವು. ಔಷಧಿ ಅಂಗಡಿಯ ಪೆರಾಕ್ಸೈಡ್ ಒಂದು ಚಮಚ ಗಾಜಿನ ಬಟ್ಟಲಿಗೆ ಹಾಕಿ, ಸ್ವಲ್ಪ ನೀರು ಬೆರೆಸಿ, ಸೂಜಿಮೊನೆಯಷ್ಟು ಪುಡಿ ಬಿಡಿ. ಪ್ಲಾಟಿನಂ, ಪಲ್ಲಾಡಿಯಂ ಬಿದ್ದ ಕೂಡಲೇ ಬುಸ್ಸೆಂದು ನೊರೆ ಏಳುತ್ತದೆ. ಅಂದರೆ ಆಗಿರುವ ಪೆರಾಕ್ಸೈಡನ್ನೂ ಇವು ಒಡೆಯುತ್ತವೆ. ಮಾಡಿದ್ದನ್ನು ತಾನೇ ತಿನ್ನುವ ಪುಡಿ ನಮಗೆ ಬೇಡ. ಬಟ್ಟಲು ಸುಮ್ನೆ ಕೂತಿದ್ದರೆ ಆ ಪುಡಿ ಮುಂದಿನ ಪರೀಕ್ಷೆಗೆ ಲಾಯಕ್ಕು. ಯಂತ್ರ ಹಾಕುವ ಮೊದಲೇ ಐದು ನಿಮಿಷದಲ್ಲಿ ಅರ್ಧ ಪುಡಿಗಳನ್ನು ಬದಿಗಿಡಬಹುದು.

ಈಗ ನನಗೆ ನಿಜವಾಗಿ ಖುಷಿ ಕೊಟ್ಟ ಪುಡಿಗೆ ಬರುತ್ತೇನೆ. ವಲ್ಕನ್ ಎಕ್ಸ್‌ಸಿ-72ಆರ್. ಕ್ಯಾಬಟ್ ಕಂಪನಿಯ ಕಾರ್ಬನ್ ಬ್ಲ್ಯಾಕ್. ನೋಡಲು ದೀಪದ ಕಾಡಿಗೆ ಥರ ಇರುತ್ತದೆ, ಮುಟ್ಟಿದರೆ ಉಗುರಿನ ಸಂದಿಯಿಂದ ಎರಡು ದಿನ ಹೋಗುವುದಿಲ್ಲ. ಇದನ್ನು ಎಲ್ಲರೂ ಲೋಹ ಕೂರಿಸುವ ಮಣೆ ಅಂತ ಮಾತ್ರ ನೋಡುತ್ತಾರೆ. ನಾವೂ ಹಾಗೇ ನೋಡಿದ್ದೆವು, ಹೋಲಿಕೆಗೆ ಇರಲಿ ಅಂತ ಲೋಹವಿಲ್ಲದ ಬರೀ ವಲ್ಕನ್ ಒಮ್ಮೆ ಅಳೆದೆವು. 0.1 ಮೋಲಾರ್ ಪೊಟ್ಯಾಶಿಯಂ ಹೈಡ್ರಾಕ್ಸೈಡ್‌ನಲ್ಲಿ, ಅಂದರೆ ಕ್ಷಾರದಲ್ಲಿ, ಹರಿದ ಕರೆಂಟ್‌ನ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಪಾಲು ಪೆರಾಕ್ಸೈಡ್‌ಗೇ ಹೋಗಿತ್ತು. ಅಳೆಯುತ್ತಿದ್ದ ಹುಡುಗಿ ಮೂರು ಸಲ ಅಳೆದಳು, ಹಾಗೇ ಬಂತು. ಪ್ಲಾಟಿನಂಗೆ ಹೋಲಿಸಿದರೆ ಇದರ ಬೆಲೆ ಏನೇನೂ ಅಲ್ಲ. ಇದು ಹೊಸ ಸಂಗತಿಯೂ ಅಲ್ಲ. ಕಾಗದದ ತಿರುಳನ್ನು ಬಿಳಿ ಮಾಡಲು ಕ್ಷಾರದಲ್ಲಿ ಪೆರಾಕ್ಸೈಡ್ ಮಾಡುವ ಹ್ಯೂರಾನ್-ಡೌ ವಿಧಾನದಲ್ಲೂ ಕಾರ್ಬನ್ ಎಲೆಕ್ಟ್ರೋಡೇ (ದ್ರಾವಣಕ್ಕೆ ಕರೆಂಟ್ ಕೊಡುವ ಭಾಗ) ಇತ್ತು. ಗೊತ್ತಿದ್ದೂ ನಾವು ಲೋಹದ ಹಿಂದೆ ಓಡಿದ್ದು ಬೇಸರ ತರುತ್ತದೆ.

ವಲ್ಕನ್‌ಗೂ ಮಿತಿ ಇದೆ. ಕ್ಷಾರದಲ್ಲಿ ಚೆನ್ನಾಗಿ ಓಡುತ್ತದೆ, ಆದರೆ ಆಮ್ಲದಲ್ಲಿ ಅದೇ ಕೆಲಸಕ್ಕೆ ಎಷ್ಟೋ ಜಾಸ್ತಿ ವೋಲ್ಟೇಜ್ ತಳ್ಳಬೇಕು, ಅಂದರೆ ಕರೆಂಟ್ ಬಿಲ್ ಏರುತ್ತದೆ. ಕ್ಷಾರದಲ್ಲಿ ಮಾಡಿದ್ದು ಬಟ್ಟೆಗೆ, ಕಾಗದಕ್ಕೆ ಸರಿ, ಗಾಯಕ್ಕೆ ಹಾಕಲು ಆಗುವುದಿಲ್ಲ. ಜೊತೆಗೆ ಕ್ಷಾರದಲ್ಲಿ ಪೆರಾಕ್ಸೈಡ್ ಜಾಸ್ತಿ ಹೊತ್ತು ನಿಲ್ಲುವುದೂ ಇಲ್ಲ.

ಕಾರ್ಬನ್‌ನ ಮೈ ಸ್ವಲ್ಪ ಬದಲಾಯಿಸಿದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ 2018ರಲ್ಲಿ ಸ್ಟ್ಯಾನ್‌ಫೋರ್ಡ್‌ನವರು ಒಳ್ಳೆಯ ಉದಾಹರಣೆ ಕೊಟ್ಟಿದ್ದಾರೆ. ಕಾರ್ಬನ್ ನ್ಯಾನೊಟ್ಯೂಬ್‌ಗಳನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿ, ಅಂಚುಗಳಿಗೆ ಆಕ್ಸಿಜನ್ ಗುಂಪುಗಳನ್ನು ಕೂರಿಸಿದರು. ಪೆರಾಕ್ಸೈಡ್ ಪಾಲು ಸುಮಾರು 90%ಗೆ ಏರಿತು. ಲೋಹವೇ ಇಲ್ಲ! ನಾವು ಅದೇ ರೀತಿ ವಲ್ಕನ್ ಅನ್ನು ಫ್ಯೂಮ್ ಹುಡ್ ಒಳಗೆ ಆಮ್ಲದಲ್ಲಿ ಕಾಯಿಸಿ, ತೊಳೆದು, ಒಣಗಿಸಿ ನೋಡಿದೆವು. ಹಾಗೇ ಬಂದ ವಲ್ಕನ್‌ಗಿಂತ ಎದ್ದು ಕಾಣುವಷ್ಟು ಚೆನ್ನಾಗಿತ್ತು. ತೊಳೆಯುವುದಕ್ಕೆ ಮಾತ್ರ ತಾಳ್ಮೆ ಬೇಕು, ನೀರಿನ ಪಿಎಚ್ ಸರಿಯಾಗುವ ತನಕ ತೊಳೆಯುತ್ತಲೇ ಇರಬೇಕು.

ಹಾಗಾದರೆ ಲೋಹ ಬೇಡವೇ ಬೇಡವಾ? ಹಾಗಲ್ಲ. ಆಮ್ಲದಲ್ಲಿ ಕಡಿಮೆ ವೋಲ್ಟೇಜ್ ತಳ್ಳಿ ಕೆಲಸ ಆಗಬೇಕಾದರೆ ಲೋಹ ಇದ್ದರೆ ಒಳ್ಳೆಯದು, ಆದರೆ ಅದು ಒಂಟಿಯಾಗಿ ಕೂತಿರಬೇಕು. 2011ರಲ್ಲಿ ಚಿನ್ನದೊಳಗೆ ಸ್ವಲ್ಪವೇ ಪಲ್ಲಾಡಿಯಂ ಬೆರೆಸಿದ ಕಣಗಳನ್ನು ಪರೀಕ್ಷಿಸಿದವರು ಕಂಡದ್ದು ಇದನ್ನೇ. ಚಿನ್ನದ ನಡುವೆ ಪಲ್ಲಾಡಿಯಂ ಪರಮಾಣು ಒಂಟಿಯಾಗಿದ್ದಷ್ಟು ಹೊತ್ತು ಪೆರಾಕ್ಸೈಡ್, ಪಲ್ಲಾಡಿಯಂ ಜಾಸ್ತಿಯಾಗಿ ಅಕ್ಕಪಕ್ಕ ಕೂರಲು ಶುರುವಾದರೆ ಮತ್ತೆ ನೀರು. 2013ರಲ್ಲಿ ಡೆನ್ಮಾರ್ಕ್‌ನ ತಂಡ ಪ್ಲಾಟಿನಂ ಜೊತೆ ಪಾದರಸ ಸೇರಿಸಿ, ಅದೇ ಹಟಮಾರಿ ಪ್ಲಾಟಿನಂನಿಂದ 96% ತನಕ ಪೆರಾಕ್ಸೈಡ್ ತೆಗೆದರು. ಮರುವರ್ಷ ಪಲ್ಲಾಡಿಯಂ ಜೊತೆ ಪಾದರಸ ಸೇರಿಸಿ ಇನ್ನೂ ಚುರುಕು ಮಾಡಿದರು. ಓದಿದಾಗ ಮೈ ಜುಮ್ಮೆಂದಿತು. ಆದರೆ ಗಾಯ ತೊಳೆಯುವ, ನೀರು ಶುದ್ಧ ಮಾಡುವ ವಸ್ತು ತಯಾರಿಸಲು ಪಾದರಸ ಇರುವ ಎಲೆಕ್ಟ್ರೋಡ್ ಇಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಕ್ಕಳ ಕೈಗೆ ಕೊಡುವ ಲ್ಯಾಬ್‌ನಲ್ಲಂತೂ ಬೇಡ.

ನಾವು ಕೊನೆಗೆ ನಿಂತದ್ದು ಕೋಬಾಲ್ಟ್ ಹತ್ತಿರ. ಕೋಬಾಲ್ಟ್ ಥಾಲೋಸಯನಿನ್ ಅಂತ ಕಡುನೀಲಿ ಪುಡಿ ಸಿಗುತ್ತದೆ. ಸುತ್ತ ನೈಟ್ರೋಜನ್, ನಡುವೆ ಒಂದೇ ಒಂದು ಕೋಬಾಲ್ಟ್. ಒಂಟಿ ಪರಮಾಣು ಬೇಕು ಅಂತ ನಾವು ಒದ್ದಾಡುತ್ತಿದ್ದೆವಲ್ಲ, ಇಲ್ಲಿ ಅಣುವಿನ ರಚನೆಯಲ್ಲೇ ಅದು ಸಿದ್ಧವಾಗಿದೆ. ಇದನ್ನು ದ್ರಾವಕದಲ್ಲಿ ಕರಗಿಸಿ, ವಲ್ಕನ್ ಜೊತೆ ಅಲ್ಟ್ರಾಸೋನಿಕ್ ಬಾತ್‌ನಲ್ಲಿಟ್ಟು, ಸೋಸಿ ಒಣಗಿಸಿದರೆ ಮುಗಿಯಿತು. ಕುಲುಮೆ ಬೇಡ. ನೀಲಿ ಪುಡಿ ತುಂಬ ಕಡಿಮೆ ಹಾಕಿ, ಜಾಸ್ತಿ ಹಾಕಿದರೆ ಗಂಟು ಕಟ್ಟಿ ಒಳಗಿನ ಕೋಬಾಲ್ಟ್ ಕೆಲಸಕ್ಕೆ ಬರುವುದಿಲ್ಲ. ಆಮ್ಲದಲ್ಲಿ ಬರೀ ವಲ್ಕನ್‌ಗಿಂತ ಎಷ್ಟೋ ಮೊದಲೇ ಇದು ಕೆಲಸ ಶುರು ಮಾಡಿತು. ಅದೇ ಕಂಪನಿಯಿಂದ ಕಬ್ಬಿಣದ ಥಾಲೋಸಯನಿನ್ ಕೂಡ ತರಿಸಿ ಹೋಲಿಸಿದೆವು. ಅಣುವಿನ ರೂಪ ಅದೇ, ನಡುವಿನ ಲೋಹ ಮಾತ್ರ ಬೇರೆ, ಆದರೆ ಅದು ಕ್ಷಾರದಲ್ಲಿ ನೀರಿನ ಕಡೆಗೇ ಓಡಿತು. ಕಬ್ಬಿಣ ಆಕ್ಸಿಜನ್ನನ್ನು ಬಿಗಿಯಾಗಿ ಹಿಡಿಯುತ್ತದೆ, ಕೋಬಾಲ್ಟ್ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಕಬ್ಬಿಣದಿಂದ ಇನ್ನೊಂದು ತೊಂದರೆ, ಅದು ಪೆರಾಕ್ಸೈಡ್ ಜೊತೆ ಸೇರಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ, ಸಿಕ್ಕಿದ್ದನ್ನೆಲ್ಲ ಒಡೆಯುವ ಆ ಕಣ ಸೆಲ್‌ನ ಎರಡು ಬದಿ ಬೇರೆ ಮಾಡುವ ತೆಳು ಹಾಳೆಯನ್ನು (ಮೆಂಬ್ರೇನ್) ಹಾಳು ಮಾಡುತ್ತದೆ. ಕೊಳಚೆ ನೀರಿನ ಬಣ್ಣ ತೆಗೆಯುವವರಿಗೆ ಅದೇ ಬೇಕು, ನಮಗೆ ಬೇಡ.

ಕೋಬಾಲ್ಟ್‌ನ ಕೊರತೆ ಅಂದರೆ ಬಾಳಿಕೆ. ದಿನ ಕಳೆದಂತೆ ಕರೆಂಟ್ ನಿಧಾನವಾಗಿ ಇಳಿಯುತ್ತದೆ, ಆಮ್ಲದಲ್ಲಿ ಲೋಹ ಸ್ವಲ್ಪ ಸ್ವಲ್ಪ ಬಿಟ್ಟುಹೋಗುತ್ತದೆ. ನೈಟ್ರೋಜನ್ ಇರುವ ಗ್ರಾಫೀನ್‌ಗೆ (ಒಂದೇ ಪರಮಾಣುವಿನಷ್ಟು ತೆಳುವಾದ ಕಾರ್ಬನ್ ಹಾಳೆ) ಕೋಬಾಲ್ಟ್ ಪರಮಾಣುಗಳನ್ನು ಕೂರಿಸಿ, ಸುತ್ತಲಿನ ಆಕ್ಸಿಜನ್ ಗುಂಪುಗಳನ್ನೂ ಹೊಂದಿಸಿದರೆ ಒಳ್ಳೆಯ ಫಲ ಬರುತ್ತದೆ ಅಂತ 2020ರಲ್ಲಿ ದಕ್ಷಿಣ ಕೊರಿಯಾದ ಸಿಯೋಲ್ ನ್ಯಾಷನಲ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಅಲ್ಲೂ ಗಮನಿಸಿ, ಲೋಹದಷ್ಟೇ ಅದರ ಪಕ್ಕದ ಕಾರ್ಬನ್ ಮುಖ್ಯ.

ಇನ್ನು ಅಳತೆಯ ವಿಷಯ. ಇಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ಪುಡಿ ಮಾರುವವರೂ, ಪೇಪರ್ ಬರೆಯುವವರೂ ತೋರಿಸುವ ಪರ್ಸೆಂಟ್ ಸಾಮಾನ್ಯವಾಗಿ ರಿಂಗ್-ಡಿಸ್ಕ್ ಎಲೆಕ್ಟ್ರೋಡ್‌ನದು. ನಡುವೆ ಗಾಜಿನಂಥ ಕಾರ್ಬನ್‌ನ ಬಿಲ್ಲೆ, ಸುತ್ತ ಪ್ಲಾಟಿನಂ ಉಂಗುರ, ನಿಮಿಷಕ್ಕೆ 1600 ಸುತ್ತು. ಬಿಲ್ಲೆಯ ಮೇಲೆ ಆದ ಪೆರಾಕ್ಸೈಡ್ ಉಂಗುರಕ್ಕೆ ಸಿಡಿದು ಅಲ್ಲಿ ಲೆಕ್ಕ ಸಿಗುತ್ತದೆ. ಒಳ್ಳೆಯ ವಿಧಾನವೇ. ಆದರೆ ಬಿಲ್ಲೆಯ ಮೇಲೆ ಎಷ್ಟು ಪುಡಿ ಹಚ್ಚಿದ್ದೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ದಪ್ಪಗೆ ಹಚ್ಚಿದರೆ ಒಳಗೆ ಹುಟ್ಟಿದ ಪೆರಾಕ್ಸೈಡ್ ಹೊರಗೆ ಬರುವಷ್ಟರಲ್ಲಿ ಇನ್ನೆರಡು ಎಲೆಕ್ಟ್ರಾನ್ ತೆಗೆದುಕೊಂಡು ನೀರಾಗಿಬಿಡುತ್ತದೆ. ತೆಳ್ಳಗೆ ಹಚ್ಚಿದರೆ ಅದೇ ಪುಡಿ ಚಾಂಪಿಯನ್ ಥರ ಕಾಣುತ್ತದೆ. ಹಾಗಾಗಿ ಚದರ ಸೆಂಟಿಮೀಟರ್‌ಗೆ ಎಷ್ಟು ಮೈಕ್ರೊಗ್ರಾಂ ಹಚ್ಚಿದರು ಅಂತ ಹೇಳದೆ ಪರ್ಸೆಂಟ್ ಮಾತ್ರ ಹೇಳುವ ಡೇಟಾಶೀಟ್ ನಂಬಬೇಡಿ. ಉಂಗುರ ಎಷ್ಟು ಪಾಲು ಹಿಡಿಯುತ್ತದೆ ಅನ್ನುವುದನ್ನು ಫೆರಿಸಯನೈಡ್ ಅನ್ನುವ ಲವಣ ಹಾಕಿ ನೀವೇ ಅಳೆದುಕೊಳ್ಳಿ, ಯಂತ್ರದ ಜೊತೆ ಬಂದ ಪುಸ್ತಕದ ಅಂಕಿ ಹಾಕಿಕೊಂಡು ಕೂರಬೇಡಿ. ಎದುರಿನ ಎಲೆಕ್ಟ್ರೋಡ್ ಆಗಿ ಪ್ಲಾಟಿನಂ ತಂತಿ ಬೇಡ, ಗ್ರಾಫೈಟ್ ಕಡ್ಡಿ ಇಡಿ. ತಂತಿಯಿಂದ ಕರಗಿದ ಪ್ಲಾಟಿನಂ ನಿಮ್ಮ ಕಾರ್ಬನ್ ಮೇಲೆ ಬಂದು ಕೂತರೆ ಎಲ್ಲ ಕೆಲಸ ವ್ಯರ್ಥ.

ನನಗೆ ನಂಬಿಕೆ ಇರುವುದು ಬಾಟಲಿಯಲ್ಲಿ ಕೈಗೆ ಸಿಕ್ಕ ಪೆರಾಕ್ಸೈಡ್ ಮೇಲೆ. ಅದಕ್ಕೆ ಗ್ಯಾಸ್ ಡಿಫ್ಯೂಶನ್ ಎಲೆಕ್ಟ್ರೋಡ್ ಬೇಕು. ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗುವ ಆಕ್ಸಿಜನ್ ಬರೀ 8 ಮಿಲಿಗ್ರಾಂ ಆಸುಪಾಸು, ಅದನ್ನು ನಂಬಿಕೊಂಡರೆ ಹನಿ ಪೆರಾಕ್ಸೈಡೂ ಕೂಡುವುದಿಲ್ಲ. ಟೆಫ್ಲಾನ್ ಸವರಿದ ಕಾರ್ಬನ್ ಪೇಪರ್‌ಗೆ ಒಂದು ಬದಿ ಪುಡಿ ಹಚ್ಚಿ, ಇನ್ನೊಂದು ಬದಿಯಿಂದ ನೇರ ಗಾಳಿ ಕೊಡಬೇಕು. ಲೆಕ್ಕ ಸುಲಭ. ಒಂದು ಆಂಪಿಯರ್ ಒಂದು ಗಂಟೆ ಹರಿದು, ಒಂದು ಎಲೆಕ್ಟ್ರಾನೂ ವ್ಯರ್ಥವಾಗದಿದ್ದರೆ 0.63 ಗ್ರಾಂ ಪೆರಾಕ್ಸೈಡ್. ಔಷಧಿ ಅಂಗಡಿಯಲ್ಲಿ ಸಿಗುವ 20 ವಾಲ್ಯೂಮ್‌ನ (ಅಂದರೆ ಸುಮಾರು 6%) 100 ಎಂಎಲ್ ಬಾಟಲಿಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಅಷ್ಟಕ್ಕೆ ಒಂಬತ್ತೂವರೆ ಗಂಟೆ ಬೇಕು. ಸೆಲ್ 2 ವೋಲ್ಟ್‌ನಲ್ಲಿ ಓಡಿದರೆ ಒಂದು ಕಿಲೋಗೆ ಮೂರು ಯೂನಿಟ್ ಚಿಲ್ಲರೆ ಕರೆಂಟ್. ಒಂದು ಸೋಲಾರ್ ಪ್ಯಾನೆಲ್ ಇರುವ ಸಣ್ಣ ಆರೋಗ್ಯ ಕೇಂದ್ರಕ್ಕೆ ಇದು ದೂರದ ಮಾತಲ್ಲ.

ಎಷ್ಟು ಆಯಿತು ಅಂತ ನೋಡಲು ನಾವು ಹಳೆಯ ಪರ್ಮಾಂಗನೇಟ್ ಟೈಟ್ರೇಶನ್ ಮಾಡುತ್ತೇವೆ, ಅಂದರೆ ನೇರಳೆ ದ್ರಾವಣವನ್ನು ಹನಿ ಹನಿಯಾಗಿ ಹಾಕಿ ಎಷ್ಟು ಹಿಡಿಯಿತು ಅಂತ ಅಳೆಯುತ್ತೇವೆ. ನೇರಳೆ ಬಣ್ಣ ಬಿದ್ದು ಬಿದ್ದು ಮಾಯವಾಗುತ್ತಿರುತ್ತದೆ, ಕೊನೆಗೆ ಒಂದು ಹನಿಗೆ ತಿಳಿ ಗುಲಾಬಿ ನಿಲ್ಲುತ್ತದೆ. ವಲ್ಕನ್ ಹಚ್ಚಿದ ಎಲೆಕ್ಟ್ರೋಡ್‌ನ ಮೊದಲ ಟೈಟ್ರೇಶನ್‌ನಲ್ಲಿ ಹನಿ ಹಾಕುತ್ತಲೇ ಹೋದೆವು, ಬಣ್ಣ ನಿಲ್ಲಲೇ ಇಲ್ಲ. ಬ್ಯುರೆಟ್ ಮತ್ತೆ ತುಂಬಿಸಬೇಕಾಯಿತು. ಆ ಸಂಜೆ ಲ್ಯಾಬ್‌ನಲ್ಲಿದ್ದ ಯಾರೂ ಮನೆಗೆ ಹೊರಡುವ ಮಾತೇ ಆಡಲಿಲ್ಲ.

ಈ ಎಲೆಕ್ಟ್ರೋಡ್‌ನ ದೊಡ್ಡ ಶತ್ರು ನೀರು ತುಂಬಿಕೊಳ್ಳುವುದು. ಕೆಲವು ಗಂಟೆಯ ನಂತರ ಕಾರ್ಬನ್ ಪೇಪರ್ ಹಿಂಬದಿಯಲ್ಲಿ ಬೆವರು ಕಾಣಿಸಿದರೆ ಗಾಳಿಯ ದಾರಿ ಮುಚ್ಚುತ್ತಿದೆ ಅಂತ ಅರ್ಥ. ಆಮ್ಲದಲ್ಲಿ ಕಾಯಿಸಿದ ವಲ್ಕನ್ ಪೆರಾಕ್ಸೈಡ್ ಚೆನ್ನಾಗಿ ಕೊಡುತ್ತದೆ, ಆದರೆ ಅದು ನೀರನ್ನು ಬೇಗ ಎಳೆದುಕೊಳ್ಳುತ್ತದೆ, ಹಾಗಾಗಿ ಟೆಫ್ಲಾನ್ ಸ್ವಲ್ಪ ಜಾಸ್ತಿ ಬೇಕು. ಶುದ್ಧ ನೀರಿನಲ್ಲೇ ಪೆರಾಕ್ಸೈಡ್ ಬೇಕು, ಉಪ್ಪು, ಆಮ್ಲ ಯಾವುದೂ ಬೇಡ ಅನ್ನುವವರಿಗೆ 2019ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ದಾರಿ ತೋರಿಸಿದ್ದಾರೆ. ನಡುವೆ ರಂಧ್ರಗಳಿರುವ ಘನ ಎಲೆಕ್ಟ್ರೋಲೈಟ್ (ಅಯಾನುಗಳನ್ನು ಸಾಗಿಸುವ ಗಟ್ಟಿ ವಸ್ತು) ಇಟ್ಟು, ಅದರೊಳಗೆ ಬರೀ ನೀರು ಹರಿಸಿ, 20% ತನಕದ ಶುದ್ಧ ದ್ರಾವಣ ತೆಗೆದರು. ಅಲ್ಲಿ ಕ್ಯಾಟಲಿಸ್ಟ್ ಏನು ಗೊತ್ತಾ? ಆಕ್ಸಿಡೈಸ್ ಮಾಡಿದ ಕಾರ್ಬನ್ ಬ್ಲ್ಯಾಕ್.

ಮಾರುವವರ ಬಗ್ಗೆ ಒಂದು ಮಾತು. ಹೆಸರು ಹೇಳುವುದಿಲ್ಲ. ನಾವು ಮೂರು ಕಡೆಯಿಂದ ಪುಡಿ ತರಿಸಿದೆವು, ಮೂರೂ ಕಡೆಯವರ ಡೇಟಾಶೀಟ್‌ನಲ್ಲಿ ಲೋಹದ ಪರ್ಸೆಂಟ್ ದೊಡ್ಡದಾಗಿತ್ತು. ಕಾರ್ಬನ್ ಯಾವುದು, ಅದರ ಮೇಲ್ಮೈ ವಿಸ್ತಾರ ಎಷ್ಟು, ಅದರಲ್ಲಿ ಆಕ್ಸಿಜನ್ ಎಷ್ಟು, ಕಬ್ಬಿಣದ ಕಲಬೆರಕೆ ಇದೆಯಾ ಅನ್ನುವುದು ಇರಲಿಲ್ಲ. ಕೇಳಿದರೆ ಒಬ್ಬರು ಅದೇ ಪಿಡಿಎಫ್ ಮತ್ತೆ ಕಳಿಸಿದರು. ಇನ್ನೊಬ್ಬರು ಎರಡನೇ ಸಲ ಕಳಿಸಿದ ಡಬ್ಬಿಯಲ್ಲಿ ಬ್ಯಾಚ್ ನಂಬರೇ ಇರಲಿಲ್ಲ, ಅಳತೆಯೂ ಮೊದಲಿನದಕ್ಕೆ ಹೊಂದಲಿಲ್ಲ, ಆ ವರ್ಷದ ಇಬ್ಬರು ಮಕ್ಕಳ ಆರು ವಾರದ ಕೆಲಸ ಹೋಯಿತು. ಪ್ರಾಜೆಕ್ಟ್‌ಗೆ ಇರುವುದೇ ನಾಲ್ಕು ತಿಂಗಳು. ಅದಕ್ಕೆ ಈಗ ಆರ್ಡರ್ ಹಾಕುವ ಮೊದಲೇ ಬ್ಯಾಚ್ ನಂಬರ್ ಬರೆದುಕೊಡಿ ಅಂತ ಇಮೇಲ್‌ನಲ್ಲಿ ಕೇಳುತ್ತೇವೆ, ಒಂದೇ ಬ್ಯಾಚ್‌ನಿಂದ ಇಡೀ ವರ್ಷಕ್ಕೆ ಬೇಕಾದಷ್ಟು ತೆಗೆದುಕೊಳ್ಳುತ್ತೇವೆ.

ನನ್ನ ಅಂಕ ಬೇಕು ಅಂದರೆ, ಪೆರಾಕ್ಸೈಡ್ ಕೆಲಸಕ್ಕೆ ವಲ್ಕನ್‌ಗೆ 5ರಲ್ಲಿ 4, ಆಮ್ಲದಲ್ಲಿ ಕಾಯಿಸಿದ್ದಕ್ಕೆ ನಾಲ್ಕೂವರೆ. ಕೋಬಾಲ್ಟ್‌ಗೂ 4, ಇನ್ನಷ್ಟು ದಿನ ಬಾಳಿದ್ದರೆ 5 ಕೊಡುತ್ತಿದ್ದೆ. ಪ್ಲಾಟಿನಂ, ಪಲ್ಲಾಡಿಯಂಗೆ 1. ನಮ್ಮ ಬಳಿ ಆ ಪ್ಲಾಟಿನಂ ಪುಡಿ ಇನ್ನೂ ಅರ್ಧ ಗ್ರಾಂ ಇದೆ, ಒಣಗಿದ ಡಬ್ಬಿಯಲ್ಲಿ ಮುಚ್ಚಿ ಇಟ್ಟಿದ್ದೇವೆ, ಚೆನ್ನಾಗಿದೆ. ಬೆಂಗಳೂರಿನಲ್ಲಿ ಫ್ಯುಯೆಲ್ ಸೆಲ್ ಕೆಲಸ ಮಾಡುವ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಕೆಳಗೆ ತಿಳಿಸಿ, ಬಂದು ತೆಗೆದುಕೊಂಡು ಹೋಗಬಹುದು. ಬದಲಿಗೆ ಟೆಫ್ಲಾನ್ ಸವರಿದ ಕಾರ್ಬನ್ ಪೇಪರ್ ಒಂದೆರಡು ತುಂಡು ಇದ್ದರೆ ಕೊಡಿ, ನಮ್ಮದು ಮುಗಿಯುತ್ತಾ ಬಂದಿದೆ.